ಕೆಚ್ಚಿದ ಜಾಗ

ಅದು ಶನಿವಾರವೋ ಭಾನುವಾರವೋ ಎಂಬುದು ನನಗೀಗ ಸರಿಯಾಗಿ ನೆನಪಿಲ್ಲ. ಅತ್ತೆ ಅಂದು ಥಾಲಿಪೆಟ್ಟು ಮಾಡಿದ್ದಳು ಎಂದು ದಿನಚರಿ ಹೇಳುತ್ತದೆ. ನನ್ನ ನಾಲಿಗೆಗೆ ನೆನಪಿರುವುದು ಜುಣಕ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಇಂಥ ತಪ್ಪುಗಳು ಈ ಬರಹದಲ್ಲಿ ಇನ್ನೂ ಇರಬಹುದು. ಒಂದು ವಿಷಯದಲ್ಲಿ ಮಾತ್ರ ತಪ್ಪಬಾರದೆಂದು ಇಷ್ಟು ವರ್ಷ ಒದ್ದಾಡಿದ್ದೇನೆ. ಅದಕ್ಕಾಗಿಯೇ ಬರೆಯಲು ಕೂತಿದ್ದೇನೆ.

ಆಗ ನಾನು ಬೆಳಗಾವಿಯಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಮನೆ ಖಾನಾಪುರದಲ್ಲಿ, ದಿನಾ ರೈಲಿನಲ್ಲಿ ಓಡಾಟ. ಸಂಜೆಯ ರೈಲು ತಪ್ಪಿದರೆ ಬೆಳಗಾವಿಯೊಳಗೇ ಇರುವ ಶಹಾಪುರದಲ್ಲಿ ಅಪ್ಪನ ಅಕ್ಕನ ಮನೆಯಲ್ಲಿ ವಸ್ತಿ. ಅತ್ತೆಯ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಅವುಗಳ ಸದ್ದಿನಲ್ಲೇ ಬದುಕಿದ ಮಾಮಾ, ಅಂದರೆ ಅತ್ತೆಯ ಗಂಡ, ದೇವರ ಮುಂದೆ ನಿಂತರೂ ಕೂಗಿಯೇ ಮಾತಾಡುತ್ತಿದ್ದರು.

ನನ್ನ ಪ್ರಾಜೆಕ್ಟು ಭತ್ತದ ಒಂದು ಜೀನಿನದು. ಮರಾಠಿ ಮಾತೇ ಹೆಚ್ಚಿರುವ ಜಾಂಬೋಟಿಯಲ್ಲಿ ನನ್ನ ಸೋದರಮಾವನ ಗದ್ದೆಯಲ್ಲಿ ಒಂದು ಹಳೆಯ ತಳಿಯಿತ್ತು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅದರ ಎಳೆಯ ಎಲೆಗಳನ್ನು ಕಿತ್ತು ತಂದಿದ್ದೆ. ಕಾಳಿನಲ್ಲಿ ಶೇಖರವಾಗುವ ಒಂದು ಪ್ರೋಟೀನಿನ ಜೀನನ್ನು ಆ ಎಲೆಗಳಿಂದ ಬೇರ್ಪಡಿಸಿ, ನಮ್ಮ ಗೈಡ್ ಅದನ್ನು ಓದಿಸಲು ಬೆಂಗಳೂರಿಗೆ ಕಳಿಸಿದ್ದರು. ತಿರುಗಿ ಬಂದದ್ದು ಹಾಳೆಗಟ್ಟಲೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ.

ಆ ಅಕ್ಷರಗಳಿಂದ ಪ್ರೋಟೀನನ್ನು ಓದಿ ತೆಗೆಯುವುದು ನನ್ನ ಕೆಲಸ. ಜೀನು ಒಂದೇ ಸಮನೆ ಬರೆದ ವಾಕ್ಯವಲ್ಲ. ಬೇಕಾದ ತುಂಡುಗಳ ನಡುವೆ ಬೇಡದ ತುಂಡುಗಳಿರುತ್ತವೆ. ಅವುಗಳಿಗೆ ಇಂಟ್ರಾನ್ ಎನ್ನುತ್ತೇವೆ. ಜೀವಕೋಶವು ಎಲ್ಲವನ್ನೂ ನಕಲು ಮಾಡಿಕೊಂಡು, ಬೇಡದ್ದನ್ನು ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಜೋಡಿಸಿಕೊಳ್ಳುತ್ತದೆ. ಆಮೇಲೆ ಮೂರು ಮೂರು ಅಕ್ಷರವಾಗಿ ಓದುತ್ತದೆ. ಪ್ರತಿ ಮೂರಕ್ಕೂ ಪ್ರೋಟೀನಿನ ಒಂದು ಮಣಿ. ಟಿ-ಜಿ-ಎ ಥರದ ಕೆಲವು ಮೂರಕ್ಷರಗಳು ಬಂದರೆ ಮಾತ್ರ ‘ಸಾಕು, ನಿಲ್ಲು’ ಎಂದರ್ಥ.

ವಿಭಾಗದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಅದರ ಮುಂದೆ ಸದಾ ಸರದಿ. ಸೈಬರ್ ಕೆಫೆಯಲ್ಲಿ ಕೂತರೆ ಅರ್ಧ ಪುಟ ಇಳಿಯುವಷ್ಟರಲ್ಲಿ ಫೋನಿನ ಲೈನು ಕಡಿಯುತ್ತಿತ್ತು. ಹೀಗಾಗಿ ನಾನು ಕತ್ತರಿ, ಗೋಂದು ಹಿಡಿದೆ. ಹಾಳೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಇಂಟ್ರಾನುಗಳನ್ನು ತೆಗೆದು, ಉಳಿದ ತುಂಡುಗಳನ್ನು ಖಾನಾಪುರದ ಮನೆಯ ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಗೆ ಸಾಲಾಗಿ ಅಂಟಿಸಿದೆ. ತೆಗೆದ ಇಂಟ್ರಾನಿನ ಕೊನೆಯ ಕೆಲವು ಅಕ್ಷರಗಳನ್ನು ಗುರುತಿಗೆಂದು ಆಯಾ ಜೋಡಣೆಯ ಮೇಲೆ ಬರೆದಿಟ್ಟೆ. ಮೊದಲ ತುಂಡು ಸರಾಗವಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರಲ್ಲಿ ಸ್ವಲ್ಪ ದೂರ ನಡೆದಮೇಲೆ ಟಿ-ಜಿ-ಎ. ಅಲ್ಲಿಗೆ ಪ್ರೋಟೀನು ಮುಗಿಯಿತು. ಅರ್ಧವೂ ಆಗಿರಲಿಲ್ಲ.

ಗೈಡ್ ನೋಡಿದರು. ಬೈಯುವ ಮನುಷ್ಯರಲ್ಲ, ಅದೇ ಕಷ್ಟ.

“ಅರ್ಧಾ ಪ್ರೋಟೀನ್ ತಗೊಂಡು ಏನ್ ಮಾಡೂಣು ಹೇಳವಾ? ಸೋಮವಾರ ಮುಂಜಾನಿಗೆ ಸರಿಯಾಗಿದ್ರ ತಗೊಂಡ ಬಾ. ಇಲ್ಲಂದ್ರ ಈ ವರ್ಷ ಬಿಡು, ಮುಂದಿನ ವರ್ಷ ಕೊಡಾಕ ಬರ್ತೈತಿ.”

ಮುಂದಿನ ವರ್ಷ! ನನ್ನ ಜೊತೆಯವರೆಲ್ಲ ಪಾಸಾಗಿ ಹೋದಮೇಲೆ ನಾನೊಬ್ಬಳು ಆ ನಾಲ್ಕು ಅಕ್ಷರಗಳ ಜೊತೆ ಇನ್ನೊಂದು ವರ್ಷ. ಕ್ಯಾಲೆಂಡರಿನ ಹಾಳೆ ಸುತ್ತಿಕೊಂಡು ಶಹಾಪುರಕ್ಕೆ ನಡೆದೆ.

ಅತ್ತೆ ಮಗ್ಗದ ಹಿಂದೆ ಕೂತು ಕೆಚ್ಚುತ್ತಿದ್ದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಮುಗಿಯುತ್ತ ಬಂದಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದು ಸೀರೆಯ ಅಗಲಕ್ಕೆ ಸಾವಿರಗಟ್ಟಲೆ ಎಳೆ. ಬೆರಳು ಜಾರದಿರಲೆಂದು ಪಕ್ಕದಲ್ಲಿ ಒಂದು ಬಟ್ಟಲು ಬೂದಿ. ಚಿಕ್ಕವಳಿದ್ದಾಗ ನಾನದನ್ನು ವಿಭೂತಿಯೆಂದು ಹಣೆಗೆ ಹಚ್ಚಿಕೊಂಡಿದ್ದೆನಂತೆ. “ಹಣಿಗೆ ಹಚ್ಚಿದ್ರ ಈಬತ್ತಿ, ನೂಲಿಗೆ ಹಚ್ಚಿದ್ರ ಬೂದಿ,” ಎಂದು ಅತ್ತೆ ಯಾರನ್ನೂ ಬೈಯದೆ ಮುಗಿಸಿದ್ದಳಂತೆ.

“ಯಾಕವಾ, ಮಾರಿ ಹುಳ್ಳಗ ಮಾಡೀದಿ?” ಎಂದಳು, ಕೈ ನಿಲ್ಲಿಸದೆ.

“ನನ್ನ ಅಕ್ಕಿ ಅರ್ಧಕ್ಕ ನಿಂತೈತಿ ಅತ್ತಿ.”

“ಅರ್ಧಾ ಬೆಂದಿದ್ರ ಇನ್ನಷ್ಟ ನೀರ ಹಾಕ್ಬೇಕಪಾ!” ಎಂದು ಹೊರಗಿನಿಂದ ಮಾಮಾ ಕೂಗಿದರು.

ಹಾಳೆ ಬಿಡಿಸಿದೆ. ಅತ್ತೆಗೆ ಇಂಗ್ಲಿಷ್ ಅಕ್ಷರ ಬಾರದು. ಕಣ್ಣು ಕಿರಿದು ಮಾಡಿ ನೋಡಿ, “ಇದ್ಯಾವ ಭಾಷಾ?” ಎಂದಳು.

“ಭತ್ತದ ಭಾಷಾ.”

“ಜಾಂಬೋಟಿ ಭತ್ತ ಅಂದಮ್ಯಾಲೆ ಮರಾಠಿನ ಇರಬೇಕು,” ಎಂದು ಮಾಮಾ ಒಳಗೇ ಬಂದು ಕೂತರು. “ನಿಮ್ಮ ಸೋದರಮಾವನ ಕೇಳಿದ್ರ ಓದಿ ಹೇಳತಿದ್ದ.”

ಆ ಎಲೆಯಿಂದ ಕಾಳಿನ ಪ್ರೋಟೀನು ಓದುತ್ತಿದ್ದೇನೆ ಎಂದಾಗ ಅತ್ತೆಗೆ ಅದು ಸರಿ ಕಾಣಲಿಲ್ಲ. “ಎಲಿ ಹರಕೊಂಬಂದು ಕಾಳಿನ ಸುದ್ದಿ ಹೆಂಗ ಓದ್ತಿ?”

“ಗಿಡದ ಎಲ್ಲಾ ಕಡೆ ಅದ ಬರದಿರ್ತೈತಿ ಅತ್ತಿ. ಎಲಿಯೊಳಗ ಸುಮ್ನ ಮಲಗಿರ್ತೈತಿ. ಕಾಳು ತುಂಬೂ ಮುಂದ, ಅಲ್ಲಿ ಅಷ್ಟ ಎದ್ದು ಕೆಲಸಾ ಮಾಡ್ತೈತಿ.”

“ಅಂದ್ರ ನಿಮ್ಮ ಮಾಮಾನ್ಹಂಗ ಅನ್ನು. ಇಡೀ ದಿನಾ ಮನ್ಯಾಗ ಇರ್ತಾರ, ತಾಟಿನ ಸಪ್ಪಳಾದ್ರ ಏಳ್ತಾರ.”

ಜೀನು ಎಲ್ಲೆಲ್ಲೂ ಇದ್ದೂ ಎಲ್ಲೆಲ್ಲೂ ವ್ಯಕ್ತವಾಗುವುದಿಲ್ಲ ಎಂಬುದನ್ನು ಆಮೇಲೆ ನಾನು ಪಾಠ ಮಾಡುವಾಗಲೆಲ್ಲ ಮಾಮಾ ನೆನಪಾಗುತ್ತಾರೆ.

“ಎಲ್ಲಿ ಕೆಟ್ಟೈತಿ?” ಎಂದಳು ಅತ್ತೆ.

ಟಿ-ಜಿ-ಎ ತೋರಿಸಿದೆ. “ಇಲ್ಲಿ. ಮೂರ ದಿನಾ ಆತು, ಇದನ್ನ ನೋಡಾಕತ್ತೀನಿ. ಬೆಂಗಳೂರಾಗ ತಪ್ಪು ಓದ್ಯಾರೋ ಏನೋ.”

“ಹುಚ್ಚಿ. ಕೆಟ್ಟದ್ದು ಕಾಣೂ ಜಾಗಾ ಯಾಕ ನೋಡ್ತಿ? ಕೆಚ್ಚಿದ ಜಾಗಾ ನೋಡು.”

ಆಮೇಲೆ ತನ್ನ ಕಥೆ ಹೇಳಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಕೆಚ್ಚಲು ಕೂತಾಗ ಎಡಗಡೆಯ ಅಂಚಿನ ದಡಿಯ ಹತ್ತಿರವೇ ಒಂದು ಎಳೆ ಬಿಟ್ಟಿದ್ದಳು. ಗೊತ್ತೇ ಆಗಲಿಲ್ಲ. ಒಂದರದನ್ನು ಇನ್ನೊಂದಕ್ಕೆ ಕೂಡಿಸುತ್ತ ಬಲಗಡೆಯ ದಡಿಗೆ ಬಂದಾಗ ಒಂದು ಎಳೆ ಉಳಿಯಿತು. “ಅಲ್ಲೇ ಕುಂತು ಕಣ್ಣೀರ ಹಾಕಿದೆ. ನಮ್ಮತ್ತಿ ಬಂದು ನಕ್ಕರು. ಉಳದದ್ದು ಇಲ್ಲಿ, ಬಿಟ್ಟದ್ದು ಅಲ್ಲಿ, ಅಂದ್ರು. ಮುಂಜಾನಿಯಿಂದ ಮಾಡಿದ್ದೆಲ್ಲಾ ಬಿಚ್ಚಿಸಿದ್ರು ನೋಡು.”

ನಾನು ಜೋಡಣೆಗಳನ್ನು ನೋಡಿದೆ. ಇಂಟ್ರಾನು ಸಾಮಾನ್ಯವಾಗಿ ಎ-ಜಿಯಲ್ಲಿ ಮುಗಿಯುತ್ತದೆ. ಎರಡನೇ ಜೋಡಣೆಯ ಹತ್ತಿರ ಎ-ಜಿ ಎರಡು ಸಲ ಒಂದರ ಹಿಂದೊಂದು ಬಂದಿತ್ತು. ಮೊದಲನೆಯದಕ್ಕೆ ಕತ್ತರಿಸಬೇಕಾದಲ್ಲಿ ನಾನು ಎರಡನೆಯದಕ್ಕೆ ಕತ್ತರಿಸಿದ್ದೆ. ಪ್ರೋಟೀನಿಗೆ ಸೇರಿದ ಎರಡು ಅಕ್ಷರ ಇಂಟ್ರಾನಿನ ಜೊತೆ ಕಸಕ್ಕೆ ಹೋಗಿತ್ತು. ಅಲ್ಲಿಂದ ಮುಂದಿನ ಎಲ್ಲ ಮೂರುಗಳೂ ಸರಿದುಬಿಟ್ಟಿದ್ದವು.

ಪೆನ್ಸಿಲಿನಲ್ಲಿ ಎರಡು ಅಕ್ಷರ ತುರುಕಿ ಮತ್ತೆ ಎಣಿಸಿದೆ. ಟಿ ಹಿಂದಿನ ಮೂರಕ್ಕೆ ಹೋಯಿತು, ಜಿ-ಎ ಮುಂದಿನ ಮೂರಕ್ಕೆ ಹೋದವು. ‘ನಿಲ್ಲು’ ಎಂಬ ಮಾತೇ ಅಲ್ಲಿಲ್ಲ! ನಾನು ಕೂಗುತ್ತ ಓದಿದೆ, ಮಾಮಾ ನನಗಿಂತ ಜೋರಾಗಿ ಎಣಿಸಿದರು, ಅತ್ತೆ ತಾನು ಎಣಿಸುತ್ತಿದ್ದ ಎಳೆ ತಪ್ಪಿತೆಂದು ಇಬ್ಬರನ್ನೂ ಬೈದಳು. ಕೊನೆಯವರೆಗೂ ಹೋಯಿತು.

ಸೋಮವಾರ ವಿಭಾಗದ ಕಂಪ್ಯೂಟರಿನಲ್ಲಿ ಅದನ್ನು ಈಗಾಗಲೇ ತಿಳಿದಿದ್ದ ಭತ್ತದ ಪ್ರೋಟೀನಿನ ಪಕ್ಕದಲ್ಲಿ ಇಟ್ಟು ನೋಡಿದಾಗ ಸಾಲಿಗೆ ಸಾಲು ಕೂತಿತು. ಅಲ್ಲೊಂದು ಇಲ್ಲೊಂದು ಮಣಿ ಮಾತ್ರ ಬೇರೆ. ಜಾಂಬೋಟಿಯದೇ ಗುರುತು ಎಂದು ಗೈಡ್ ಹಿಗ್ಗಿದರು. “ಹೆಂಗ ಹಿಡದಿ?” ಎಂದು ಕೇಳಿದರು.

“ಇನ್ನೊಮ್ಮೆ ಚೆಕ್ ಮಾಡಿದೆ ಸರ,” ಎಂದೆ.

ಆ ವರ್ಷವೇ ಪಾಸಾದೆ. ಪ್ರಬಂಧದ ಮೊದಲ ಪುಟದಲ್ಲಿ ಗೈಡರಿಗೆ, ವಿಭಾಗಕ್ಕೆ, ಸೋದರಮಾವನಿಗೆ, ಕೊನೆಗೆ ಅವನ ಗದ್ದೆಗೂ ವಂದನೆ ಇದೆ. ಅತ್ತೆಗೆ ಇಲ್ಲ.

ನನ್ನನ್ನು ಕೊರೆಯುವುದು ಅದೇ. ಅತ್ತೆ ಒಂದು ಗಾದೆಯಂಥ ಮಾತು ಹೇಳಿದಳು, ತಪ್ಪನ್ನು ಹುಡುಕಿದ್ದು ನಾನು ಎಂದು ಬಹಳ ವರ್ಷ ನಂಬಿದ್ದೆ. ಮೇಲೆ ಬರೆದದ್ದೂ ಹಾಗೆಯೇ ಬಂದಿದೆ, ನೋಡಿ. ಆದರೆ ಇನ್ನೊಂದು ಚಿತ್ರವೂ ಇದೆ: ನಾನು ಜೋಡಣೆ ನೋಡುವ ಮೊದಲೇ ಅವಳ ಬೂದಿಯ ಬೆರಳು ಹೋಗಿ ಎರಡನೇ ಜೋಡಣೆಯ ಮೇಲೆ ಕೂತದ್ದು, “ಇಲ್ಲಿ ಒಂದ ಥರದ್ದು ಎರಡ ಸರ್ತಿ ಬಂದಾವಲ್ಲ?” ಎಂದದ್ದು. ಓದಲು ಬಾರದವಳಿಗೂ ಒಂದೇ ಆಕಾರದ ಜೋಡಿ ಕಾಣುವುದು ಕಷ್ಟವಲ್ಲ. ದಿನವಿಡೀ ಅವಳು ನೋಡುತ್ತಿದ್ದದ್ದು ಅದನ್ನೇ. ದಿನಚರಿಯಲ್ಲಿ ‘ಎರಡು ಅಕ್ಷರ ಸಿಕ್ಕವು. ಥಾಲಿಪೆಟ್ಟು’ ಎಂದಷ್ಟೇ ಇದೆ. ಯಾರಿಗೆ ಸಿಕ್ಕವು ಎಂದಿಲ್ಲ. ಕ್ಯಾಲೆಂಡರಿನ ಹಾಳೆ ನನ್ನ ಬಳಿ ಇನ್ನೂ ಇದೆ. ಎರಡನೇ ಜೋಡಣೆಯ ಮೇಲೆ ಬೂದುಬಣ್ಣದ ಮಸುಕು ಗುರುತಿದೆ. ಮೊದಲನೆಯದರ ಮೇಲೂ ಇದ್ದಂತಿದೆ. ಅದು ಗೋಂದಿನ ಕಲೆಯೂ ಇರಬಹುದು.

ಕಳೆದ ತಿಂಗಳು ಆ ಹಾಳೆ ತೆಗೆದುಕೊಂಡು ಶಹಾಪುರಕ್ಕೆ ಹೋದೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನ್ನ ಪ್ರಶ್ನೆ ಕೇಳಿಸಿಕೊಂಡಳು, ಹಾಳೆ ಕೈಗೆ ತೆಗೆದುಕೊಂಡಳು, ಮಗುಚಿ ಮುಂಬದಿ ನೋಡಿದಳು.

“ಅಯ್ಯ ಇದರ! ಇದು ನಮ್ಮನಿ ಕ್ಯಾಲೆಂಡರ! ನೀನ ಹರಕೊಂಡ ಹೋಗಿದ್ದೇನು? ರೀ, ಇಲ್ನೋಡ್ರಿ, ಕಳ್ಳಿ ಸಿಕ್ಕಳು! ಆ ತಿಂಗಳ ಅಮಾಸಿ ಯಾವಾಗ ಅಂತ ನಾ ಬಾಜೂ ಮನಿಗೆ ಹೋಗಿ ಕೇಳಿ ಬಂದೇನಿ!”

ಖಾನಾಪುರದ ಮನೆಯ ಕ್ಯಾಲೆಂಡರು ಎಂದು ಮೇಲೆ ಬರೆದದ್ದನ್ನು ತಿದ್ದಿಲ್ಲ, ಇರಲಿ. ಮಾಮಾ ಬಂದರು, ಕಳ್ಳತನದ ವಿಚಾರಣೆ ನಡೆಯಿತು, ಚಹಾ ಆಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕೇಳಿದೆ. ಅತ್ತೆ ನಕ್ಕು, ಒಂದು ಹಿಡಿ ಬೆಳ್ಳುಳ್ಳಿ ಕಟ್ಟಿಕೊಟ್ಟಳು. ಆಮೇಲೆ ಫೋನಿನಲ್ಲಿ ಎರಡು ಸಲ ಕೇಳಿದ್ದೇನೆ:

“ಅತ್ತಿ, ಕ್ಯಾಲೆಂಡರ ಕದ್ದಾಕಿ ನಾನ, ಖರೇ. ಆದ್ರ ಅವತ್ತು ಆ ಜಾಗಕ್ಕ ಮೊದಲ ಬೆರಳಿಟ್ಟಾಕಿ ಯಾರು, ನೀನೋ ನಾನೋ?”