ಉಪವಾಸದ ಚಹಾ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು. ಬನಹಟ್ಟಿಯಿಂದ ಜಮಖಂಡಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎಸ್ಸಿ. ಮಾಡಿದೆ. ಅಂದಿನಿಂದ ಓಣಿಯ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುವವಳು ನಾನೇ. ಅದರಲ್ಲಿ ನನಗೊಂದು ಜಂಬವಿತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ಅಪ್ಪನಿಗೆ ಮಗ್ಗದ ಮುಂದೆ ನಿಂತಲ್ಲೇ ಎದೆ ಹಿಡಿದಂತಾಗತೊಡಗಿತು. ಬೆಳಗಾವಿಯ ಡಾಕ್ಟರು ಪೆಟ್ ಸ್ಕ್ಯಾನ್ ಬರೆದರು. ಹೃದಯದ ಸ್ನಾಯುವಿಗೆ ರಕ್ತ ಎಷ್ಟು ಹರಿಯುತ್ತಿದೆಯೆಂದು ಅಳೆಯುವ ಪರೀಕ್ಷೆ. ಸುಮ್ಮನೆ ಮಲಗಿದ್ದಾಗ ಒಮ್ಮೆ, ರಕ್ತನಾಳ ಹಿಗ್ಗಿಸುವ ಔಷಧಿ ಕೊಟ್ಟು ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಎದೆ ಕೊಯ್ಯಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿತ್ತು. ಇಂಗ್ಲಿಷಿನಲ್ಲಿದ್ದ ಸೂಚನೆಯ ಹಾಳೆ ಕೊಟ್ಟಿದ್ದರು. ಅದರ ಮೇಲೆ ಕಣ್ಣಾಡಿಸಿ, ಮಡಚಿ ಚೀಲಕ್ಕೆ ಹಾಕಿ, ಉಪವಾಸ ಇರಬೇಕಂತೆ ಎಂದಷ್ಟೇ ಅಪ್ಪನಿಗೆ ಹೇಳಿದೆ.

ಪರೀಕ್ಷೆಯ ದಿನ ನರ್ಸ್ ಒಂದು ಫಾರ್ಮ್ ಹಿಡಿದು, ನಿನ್ನೆಯಿಂದ ಚಹಾ ಕಾಫಿ ಬಿಟ್ಟಿದ್ದಾರೆಯೇ ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೌದೆಂದು ಸಹಿ ಹಾಕಿದೆ.

ಮಧ್ಯಾಹ್ನ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಔಷಧಿ ಕೊಟ್ಟ ಮೇಲೂ ರಕ್ತದ ಹರಿವು ಎಲ್ಲಿಯೂ ಏರಿಲ್ಲ, ಹೃದಯದ ಮೂರೂ ರಕ್ತನಾಳ ಕೆಟ್ಟಿರಬಹುದು ಎಂದರು. ಮುಂದೆ ಹೇಳಿದ್ದು ನನಗೆ ಕೇಳಿಸಲೇ ಇಲ್ಲ. ಕುರ್ಚಿ ಹಿಡಿದು ಕೂತು ಮತ್ತೊಮ್ಮೆ ಹೇಳಿಸಿಕೊಂಡೆ. ಇಲ್ಲವೇ ಔಷಧಿಯೇ ಕೆಲಸ ಮಾಡಿಲ್ಲ, ಚಹಾ ಕುಡಿದಿದ್ದರೆ ಅದು ಔಷಧಿಯನ್ನು ತಡೆಯುತ್ತದೆ, ಎಂದರು. ಕುಡಿದಿಲ್ಲ ಸರ್, ಎಂದೆ ನಾನು, ಗಟ್ಟಿಯಾಗಿ.

ಅವರು ಅಪ್ಪನನ್ನೇ ಕರೆಸಿ ಕೇಳಿದರು.

"ನಿನ್ನಿಯಿಂದ ನಾಕ್ ಕಪ್ ಆಗಿರಬೇಕ್ರಿ. ಮುಂಜಾನೆ ಬಸ್ಸು ದಾರ್ಯಾಗ ನಿಂತಾಗ ಇಳಿದು ಒಂದು. ಮತ್ತ ಬಾಯಾಗ ಒಂದು ಅಗಳು ಇಟ್ಟಿಲ್ಲರಿ."

ಬಸ್ಸು ನಿಂತಾಗ ಅವನು ಇಳಿದು ಹೋದದ್ದು ನೆನಪಾಯಿತು, ಏಕೆಂದು ನಾನು ಕೇಳಿರಲಿಲ್ಲ. ಸೋಮವಾರದ ಉಪವಾಸಕ್ಕೆ ನಮ್ಮ ಮನೆಯಲ್ಲಿ ಚಹಾ ಎಂದೂ ಅಡ್ಡಿಯಲ್ಲ. ಆ ದಿನ ಅನ್ನ, ರೊಟ್ಟಿ ಮುಟ್ಟದ ನಾನೂ ಚಹಾ ಕುಡಿಯುತ್ತೇನೆ. ಚೀಲದಿಂದ ಹಾಳೆ ತೆಗೆದು ನೋಡಿದೆ, ಚಹಾ ಕುಡಿಯಬಾರದೆಂದು ದಪ್ಪ ಅಕ್ಷರದಲ್ಲೇ ಇತ್ತು.

"ಯಾರು ಹೇಳಿದ್ರು ನಿಮಗ, ಚಹಾ ನಡೀತದ ಅಂತ?" ಎಂದು ಡಾಕ್ಟರು ಅಪ್ಪನನ್ನು ಕೇಳಿದರು.

"ಉಪವಾಸ ಇರು ಅಂದಾಕಿ ನನ್ನ ಮಗಳ್ರೀ," ಎಂದ ಅಪ್ಪ, ನನ್ನ ಕಡೆ ಕೈ ಮಾಡಿ. "ಡಿಗ್ರಿ ಮಾಡ್ಯಾಳ. ಎಲ್ಲಾ ಓದತಾಳ."

ಅವನ ದನಿಯಲ್ಲಿ ಹೆಮ್ಮೆ ಬಿಟ್ಟು ಬೇರೇನೂ ಇರಲಿಲ್ಲ.

ಮೂರು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ಆ ಮೂರು ದಿನವೂ ಮೂರು ನಾಳದ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಈ ಸಲ ಹಾಳೆಯನ್ನು ಸಾಲು ಸಾಲಾಗಿ ನಮ್ಮ ಮಾತಿನಲ್ಲಿ ಓದಿ, ಅಪ್ಪನ ಬಾಯಿಂದ ತಿರುಗಿ ಹೇಳಿಸಿದೆ. ಅವನಿಗೆ ತಲೆನೋವು ಬಂತು, ಆದರೂ ಚಹಾ ಮುಟ್ಟಲಿಲ್ಲ. ಎರಡು ನಾಳದ ಕಡೆ ಹರಿವು ಚೆನ್ನಾಗಿ ಏರಿತ್ತು. ಒಂದರಲ್ಲಿ ಮಾತ್ರ ಏರಿರಲಿಲ್ಲ. ಎದೆ ಕೊಯ್ಯುವುದು ಬೇಡ, ಆ ನಾಳದೊಳಗೆ ಒಂದು ಸ್ಟೆಂಟ್ ಹಾಕಿದರೆ ಸಾಕು ಎಂದರು.

ಹೊರಗೆ ಬೆಂಚಿನ ಮೇಲೆ ಅಪ್ಪ ಕೇಳಿದ, "ಈಗರೆ ಚಹಾ ಕುಡೀಲೇನಬೇ?"

ಉತ್ತರ ನನಗೆ ಗೊತ್ತಿತ್ತು. ಆದರೂ ಎದ್ದು ಹೋಗಿ ನರ್ಸ್‌ ಅವರನ್ನು ಕೇಳಿ ಬಂದೆ.