ಲೀನವಾಗದ ಮೂಡಲಗಿ

ಮೇಲವಂಕಿಯ ಸತ್ಯಪ್ಪನ ಮಗಳು ಆಮ್ರಪಾಲಿ ಮೂರು ತಾಲೂಕುಗಳ ದಿಗ್ವಿಜಯಕ್ಕೆ ಹೊರಟಾಗ ಆಕೆಯ ಬಳಿ ಇದ್ದದ್ದು ಅಣ್ಣನ ಹಳೆಯ ಸ್ಕೂಟಿ, ಒಂದು ನೀರಿನ ಬಾಟಲಿ ಮತ್ತು ಪಿಎಚ್‌.ಡಿ. ಮಾರ್ಗದರ್ಶಕರು ದಯಪಾಲಿಸಿದ ಒಂದು ಬ್ರಹ್ಮಾಸ್ತ್ರ. ಆಟಿಸಂ ಇರುವ ಮಕ್ಕಳಿಗೆ ತರಬೇತಿ, ಚಿಕಿತ್ಸೆ ಊರ ಹತ್ತಿರವೇ ಸಿಗುವಂತೆ ಮಾಡುವುದು ಹೇಗೆ ಎಂಬುದು ಆಕೆಯ ಸಂಶೋಧನೆ. "ಕನ್ನಡದಲ್ಲಿ ಕೇಳುವಾಗ ಇಂಗ್ಲಿಷ್ ಯಾಕೆ? ಸ್ವಲೀನತೆ ಎನ್ನಬೇಕು" ಎಂದು ಗುರುಗಳು ಅಪ್ಪಣೆ ಕೊಡಿಸಿದ್ದರು. ಆ ಪದವೇ ಬ್ರಹ್ಮಾಸ್ತ್ರ.

ಗೋಕಾಕ ಸುಲಭವಾಗಿ ಶರಣಾಯಿತು. ಅಲ್ಲಿನ ತಾಯಿ-ತಂದೆಯರು ಡಾಕ್ಟರರ ಬಾಯಲ್ಲಿ ಆಟಿಸಂ ಎಂಬುದನ್ನು ಕೇಳಿದ್ದವರು. ಪದ ಬೇರೆಯಾದರೂ ಊಹಿಸಿಕೊಂಡರು. ಹುಕ್ಕೇರಿ ಕಡೆ, ನಿಡಸೋಸಿಯಲ್ಲಿ ಸುವರ್ಣಾ ಎಂಬ ಶಿಕ್ಷಕಿ ಜೊತೆಗೇ ಬಂದು ಮನೆಮನೆಗೂ ಅರ್ಥ ಹೇಳಿ ಕೋಟೆಯ ಬಾಗಿಲು ತೆರೆಸಿದಳು. ಉಳಿದದ್ದು ಮೂಡಲಗಿ.

ಆ ತಾಲೂಕಿನ ತುಕ್ಕಾನಟ್ಟಿಯಲ್ಲಿ ಮೊದಲ ಮನೆಯ ಕಟ್ಟೆಯ ಮೇಲೆ ಮುದುಕಿ ಕಾಡವ್ವ ಕಡಲೆ ಹಸನು ಮಾಡುತ್ತಿದ್ದಳು.

"ಆಯೀ, ನಿಮ್ಮ ಓಣ್ಯಾಗ ಸ್ವಲೀನ ಮಕ್ಕಳು ಯಾರರ ಅದಾರೇನ್ರಿ?"

ಕಾಡವ್ವನ ಮೊರ ಗಾಳಿಯಲ್ಲೇ ನಿಂತಿತು. "ಲೀನ? ಹ್ವಾದ ವರ್ಸ ಮಠದ ಅಜ್ಜಾರು ಲೀನ ಆದ್ರು. ಕೂಸು ಯಾಕ ಲೀನ ಆಕ್ಕಾವ? ಮುಂಜಾನೆದ್ದು ಮಂದಿ ಮಕ್ಕಳ ಸಾವು ಕೇಳಾಕ ಬಂದೀಯೇನ? ನಡಿ, ನಡಿ!"

ಸುದ್ದಿ ಸ್ಕೂಟಿಗಿಂತ ಮುಂದೆ ಊರೂರಿಗೆ ಓಡಿತು. ಆಮ್ರಪಾಲಿ ತಲುಪುವ ಮೊದಲೇ ಬಾಗಿಲುಗಳು ಮುಚ್ಚಿದವು. ಕಿಟಕಿಯಿಂದ ಉತ್ತರ ಬಂತು: "ನಮ್ಮಲ್ಲಿ ಯಾರೂ ಇಲ್ಲವ್ವಾ, ಎಲ್ಲಾರೂ ಗಟ್ಟಿ ಅದಾರ."

ಹೀಗೆ ಮೂಡಲಗಿಯ ಲೆಕ್ಕ ಸೊನ್ನೆಯಾಯಿತು. ಆಕೆಯ ಈ ಸಮೀಕ್ಷೆಯಲ್ಲಿ ಅಂಥ ಮಕ್ಕಳು ಕಂಡುಬಂದ ತಾಲೂಕಿಗೆ ಮಾತ್ರ ವಾರಕ್ಕೊಮ್ಮೆ ತರಬೇತುದಾರರು ಬರಲಿದ್ದರು. "ಸೋಮವಾರದೊಳಗೆ ಯಾರೂ ಸಿಗದಿದ್ದರೆ ಮೂಡಲಗಿಯನ್ನು ಬಿಡೋಣ" ಎಂದರು ಗುರುಗಳು ಫೋನಿನಲ್ಲಿ. ಬಿಟ್ಟರೆ ಇಲ್ಲಿಯ ಮಕ್ಕಳು ಬಸ್ಸು ಬದಲಿಸುತ್ತ ಗೋಕಾಕಕ್ಕೆ ಹೋಗಬೇಕು; ಅಥವಾ ಈಗಿನಂತೆ ಎಲ್ಲಿಗೂ ಹೋಗದೆ ಇರಬೇಕು.

ಮರುದಿನ ಆಮ್ರಪಾಲಿ ಬ್ರಹ್ಮಾಸ್ತ್ರವನ್ನು ಮನೆಯಲ್ಲೇ ಬಿಟ್ಟು ಅದೇ ಕಟ್ಟೆಗೆ ಬಂದಳು.

"ಆಯೀ, ಬೈಬ್ಯಾಡ್ರಿ. ಕಿವಿ ಕೇಳತಾವ, ಆದ್ರ ಹೆಸರು ಹಿಡದು ಕರದ್ರ ಹೊಳ್ಳಿ ನೋಡಂಗಿಲ್ಲ, ತಮ್ಮಷ್ಟಕ್ಕ ತಾವ ಇರತಾರ. ಅಂಥವರು ಅದಾರೇನ್ರಿ?"

"ಹಿಂಗ ನಿನ್ನೆ ಕೇಳಾಕ ಏನ್ ಬ್ಯಾನಿ ಬಂದಿತ್ತ ನಿನಗ?" ಎಂದ ಕಾಡವ್ವ ಓಣಿಗೆಲ್ಲ ಕೇಳುವಂತೆ ಕೂಗು ಹಾಕಿದಳು. ಹೆಂಗಸರು ನೆರೆದರು.

"ನಮ್ಮ ಮನ್ಯಾಗ ಒಬ್ಬಾಂವ ಅದಾನ್ರಿ. ಎಷ್ಟ್ ಕರದ್ರೂ ಹೊಳ್ಳಿ ನೋಡಂಗಿಲ್ಲ."

"ವಯಸ್ಸೆಷ್ಟರೀ?"

"ನಲವತ್ತೈದು. ನನ್ನ ಗಂಡ."

"ನಮ್ಮಾಂವನ್ನೂ ಬರಕೋರಿ!" ಎಂದಳು ಹಿಂದಿನಿಂದ ಮತ್ತೊಬ್ಬಳು. ಓಣಿ ಬಿದ್ದು ಬಿದ್ದು ನಕ್ಕಿತು.

ಕುರಿ ಸಾಕುವ ಮನೆಯ ಸತ್ತೆವ್ವ ಮಾತ್ರ ನಗಲಿಲ್ಲ. "ನಮ್ಮ ಮಾಲಿಂಗ ಹಂಗ ಅದಾನ್ರಿ. ಐದು ವರ್ಸ. ಕುರಿ ಉಣ್ಣೆ ಸಿಕ್ಕರ ಬೆರಳಾಗ ಹಿಡದು ತಿಕ್ಕೋತ ಕುಂದರತಾನ. ನಿನ್ನೆ ನೀವು ಬಂದಾಗ ಒಳಗ ಹಾಕಿ ಚಿಲಕಾ ಹಾಕಿದ್ನಿ."

ಅವಳ ಬೆನ್ನಿಗೇ ಇನ್ನೂ ಇಬ್ಬರು ತಾಯಂದಿರು ಬಾಯಿ ಬಿಟ್ಟರು. ಮೂಡಲಗಿ ಉಳಿಯಿತು.

ಕೆಲವು ತಿಂಗಳ ಮೇಲೆ ಮೂಡಲಗಿಯಲ್ಲಿ ಒಂದು ಕೋಣೆ ಸಿದ್ಧವಾಯಿತು. ಮಾಲಿಂಗನನ್ನು ಕರೆತಂದ ಸತ್ತೆವ್ವ, ಬಾಗಿಲ ಮೇಲಿನ ಬೋರ್ಡು ಓದಿ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಗುರುಗಳು ಬರೆಸಿ ಕಳಿಸಿದ್ದರು: ಸ್ವಲೀನತೆ ಸೇವಾ ಕೇಂದ್ರ.

"ಮತ್ತ ಅದ ಸುಡಗಾಡ ಮಾತು!" ಎಂದು ಜೊತೆಗೆ ಬಂದಿದ್ದ ಕಾಡವ್ವ, ಹಾಸಿಕೊಂಡು ಕೂರಲು ತಂದಿದ್ದ ಕಂಬಳಿಯನ್ನು ಆಮ್ರಪಾಲಿಯತ್ತ ಚಾಚಿದಳು. "ಏರು ಮ್ಯಾಲ."

ಪ್ರಬಂಧಕ್ಕೆ ಗುರುಗಳ ಸಹಿ ಇನ್ನೂ ಬೇಕಿದ್ದ ಆಮ್ರಪಾಲಿ ಬೋರ್ಡು ಕೀಳದೆ, ಕುರ್ಚಿ ಏರಿ ಬ್ರಹ್ಮಾಸ್ತ್ರಕ್ಕೆ ಕಂಬಳಿ ಹೊದಿಸಿದಳು. ಅದರ ಒಂದು ತುದಿ ಬಾಗಿಲಿನವರೆಗೆ ಇಳಿಬಿದ್ದಿತ್ತು. ಮಾಲಿಂಗ ತಾಯಿಯ ಕೈ ಬಿಡಿಸಿಕೊಂಡು ಬಂದು ಆ ಉಣ್ಣೆಯನ್ನು ಬೆರಳಲ್ಲಿ ತಿಕ್ಕುತ್ತ ಹೊಸ್ತಿಲ ಒಳಗೆ ಕುಳಿತ. ಸತ್ತೆವ್ವ ಚಪ್ಪಲಿ ಬಿಟ್ಟು ಅವನ ಹಿಂದೆ ಒಳಗೆ ಹೋದಳು.