ಡಿಕ್ಕಿಯಲ್ಲಿ ನಾನು ಕತ್ತರಿಸಿದ ಪೈಪು

1994ರಲ್ಲಿ ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜ್ ಇತ್ತು. ಐಟಿಐ ಮುಗಿಸಿ, ಚಿತ್ರದುರ್ಗದಲ್ಲಿ ಹತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದು, ಸ್ವಂತಕ್ಕೆ ಶೆಡ್ ಹಾಕಿಕೊಂಡಿದ್ದೆ. ಅಂಬಾಸಿಡರ್, ಫಿಯಟ್, ಎಣ್ಣೆ ಮಿಲ್ಲುಗಳ ಲಾರಿಗಳು ನನ್ನ ದಿನನಿತ್ಯದ ಕೆಲಸ. ನನ್ನ ಕೈಗೆ ಬಂದು ಸರಿಹೋಗದ ಗಾಡಿ ಇಲ್ಲ ಎಂಬ ಹಮ್ಮು ನನಗಿತ್ತು.

ಆ ವರ್ಷದ ಬೇಸಿಗೆಯಲ್ಲಿ ಬಸವರಾಜು ಒಂದು ಕಾರು ತಂದರು. ಶೇಂಗಾ ಎಣ್ಣೆ ಮಿಲ್ಲಿನ ಮನೆತನ ಅವರದು. ಅಮೆರಿಕದಿಂದ ವಾಪಸಾದ ವೈದ್ಯರೊಬ್ಬರು ಹಡಗಿನಲ್ಲಿ ತರಿಸಿಕೊಂಡಿದ್ದ, ಎರಡೇ ಸೀಟಿನ, ಸ್ಟಿಯರಿಂಗ್ ಎಡಕ್ಕಿರುವ ಎಪ್ಪತ್ತರ ದಶಕದ ಸ್ಪೋರ್ಟ್ಸ್ ಕಾರು. ಬಸವರಾಜು ಅದನ್ನು ಆಸೆಪಟ್ಟು ಕೊಂಡಿದ್ದರು. ಊರಿನಲ್ಲಿ ಅದು ಹೋದರೆ ಜನ ನಿಂತು ನೋಡುತ್ತಿದ್ದರು.

“ಇಪ್ಪತ್ತು ಕಿಲೋಮೀಟರ್ ಹೋದ್ರೆ ನಿಂತುಬಿಡ್ತೈತೆ ಮೇಸ್ತ್ರಿ. ಟ್ಯಾಂಕಿನ ಮುಚ್ಚಳ ತೆಗೆದ್ರೆ ಬುಸ್ ಅಂತೈತೆ. ಆಮೇಲೆ ಮತ್ತೆ ಹೊರಡ್ತೈತೆ,” ಎಂದರು.

ಟ್ಯಾಂಕಿಗೆ ಗಾಳಿ ಹೋಗುತ್ತಿಲ್ಲ ಎಂದು ತಕ್ಷಣ ಗೊತ್ತಾಯಿತು. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಒಳಗೆ ನಿರ್ವಾತ ಉಂಟಾಗಿ ಪಂಪು ಎಳೆಯಲಾರದು. ನಮ್ಮ ಗಾಡಿಗಳಲ್ಲಿ ಮುಚ್ಚಳದಲ್ಲೇ ಸಣ್ಣ ತೂತು ಇರುತ್ತಿತ್ತು. ಇದರ ಮುಚ್ಚಳ ಬಿಗಿ. ಬದಲಿಗೆ ಟ್ಯಾಂಕಿನಿಂದ ಹಿಂದಿನ ಡಿಕ್ಕಿಯ ಮೂಲೆಗೆ ಬಂದ ಒಂದು ಪೈಪು ಗಾಡಿಯ ಹೊಟ್ಟೆಯ ಕೆಳಗೆ ಹಾದು, ಎಂಜಿನ್ ಪಕ್ಕದ ಒಂದು ಕಪ್ಪು ಡಬ್ಬಕ್ಕೆ ಸೇರಿತ್ತು. ಡಬ್ಬ ಅಲುಗಾಡಿಸಿದರೆ ಒಳಗೆ ಮರಳಿನಂಥ ಸದ್ದು. ಅದು ಏನೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲೂ ಇಲ್ಲ.

“ಇದು ಬೇಡದ ಸಾಮಾನು ರೀ. ಅಲ್ಲಿನ ಚಳಿಗೆ ಹಾಕಿರ್ತಾರೆ,” ಎಂದುಬಿಟ್ಟೆ. ಡಬ್ಬ ಬಿಚ್ಚಿ ಗುಜರಿಗೆ ಎಸೆದೆ. ಡಿಕ್ಕಿಯೊಳಗಿನ ಪೈಪನ್ನು ಹ್ಯಾಕ್ಸಾದಿಂದ ಕತ್ತರಿಸಿ ಬಾಯಿ ತೆರೆದು ಬಿಟ್ಟೆ. ಟ್ಯಾಂಕಿಗೆ ಗಾಳಿ ಸಿಕ್ಕಿತು, ಗಾಡಿ ಓಡಿತು. ಅರ್ಧ ಗಂಟೆಯ ಕೆಲಸ. ವಾರದ ಮೇಲೆ ಸಿಕ್ಕಾಗ ಬಸವರಾಜು, ಡಿಕ್ಕಿ ತೆಗೆದರೆ ಪೆಟ್ರೋಲ್ ವಾಸನೆ ಎಂದರು. “ಹಳೇ ಗಾಡಿ ಅಲ್ವಾ, ಇರ್ತೈತೆ ಬಿಡ್ರಿ,” ಎಂದು ನಕ್ಕೆ.

ತಿಂಗಳು ಕಳೆದಿರಲಿಲ್ಲ. ತಂಗಿಯ ಮದುವೆಗೆ ರೇಷ್ಮೆ ಸೀರೆ ತರಲು ಬಸವರಾಜು ಆ ಕಾರಿನಲ್ಲೇ ಮೊಳಕಾಲ್ಮೂರಿಗೆ ಹೋದರು. ಹೊರಡುವಾಗ ಟ್ಯಾಂಕ್ ತುಂಬಿಸಿದ್ದರು. ಅಲ್ಲಿ ನಾರಾಯಣಪ್ಪ ಎಂಬ ನೇಕಾರರು ಅವರ ಮನೆಗೆ ಮೊದಲಿನಿಂದಲೂ ಸೀರೆ ನೇಯ್ದು ಕೊಡುತ್ತಿದ್ದವರು. ಮನೆಯಲ್ಲಿ ತೆಲುಗು, ಗಿರಾಕಿಗಳ ಜೊತೆ ಕನ್ನಡ. ಅಂಚಿನ ಕೆಲಸದಲ್ಲಿ ಆ ಬೀದಿಯಲ್ಲಿ ಅವರ ಸಮಕ್ಕೆ ಯಾರೂ ಇರಲಿಲ್ಲವಂತೆ. ಕಾರು ಬೆಳಗಿನಿಂದ ಬಿಸಿಲಿನಲ್ಲೇ ನಿಂತಿತ್ತು. ಊಟ ಮುಗಿಸಿ, ಸೀರೆಯ ಗಂಟು ಡಿಕ್ಕಿಯಲ್ಲಿಡಲು ನಾರಾಯಣಪ್ಪ ಬಂದರು. ಬಾಯಲ್ಲಿ ಬೀಡಿ. ಗಾಳಿ ಜೋರಾಗಿ ಬೀಸುತ್ತಿತ್ತು. ಡಿಕ್ಕಿಯ ಮುಚ್ಚಳ ಎತ್ತಿ, ಅದರ ಮರೆಯಲ್ಲಿ ಬಗ್ಗಿ ಕಡ್ಡಿ ಗೀರಿದರು.

ಬೀದಿಯವರು ಮರಳು ಎರಚಿ, ಒದ್ದೆ ಗೋಣಿಚೀಲ ಹಾಕಿ ಬೆಂಕಿ ಆರಿಸಿದರು. ನಾರಾಯಣಪ್ಪ ಉಳಿದರು. ಆದರೆ ಎರಡೂ ಕೈ ಮೊಣಕೈವರೆಗೆ ಬೆಂದವು. ಗಾಯ ಮಾಗುವಾಗ ಬಲಗೈಯ ನಾಲ್ಕು ಬೆರಳು ಒಂದಕ್ಕೊಂದು ಅಂಟಿಕೊಂಡವು. ಆ ಕೈ ಮತ್ತೆ ಲಾಳಿ ಹಿಡಿಯಲಿಲ್ಲ.

ಬೀಡಿ ಹಚ್ಚಿದ್ದೇ ತಪ್ಪು ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೆಯೇ ಹೇಳಿದೆ. ಗ್ಯಾರೇಜಿನಲ್ಲಿ ಕುಳಿತು, ಪೆಟ್ರೋಲ್ ಗಾಡಿಯ ಹತ್ತಿರ ಯಾರಾದರೂ ಕಡ್ಡಿ ಗೀರುತ್ತಾರಾ ಎಂದು ನಾಲ್ಕು ಜನರ ಮುಂದೆ ಆಡಿದ ಮಾತು ನನಗೆ ನೆನಪಿದೆ. ಬಸವರಾಜು ಸುಟ್ಟ ಕಾರನ್ನು ಮಿಲ್ಲಿನ ಗೋದಾಮಿನಲ್ಲಿ ನಿಲ್ಲಿಸಿ ಬೀಗ ಹಾಕಿದರು.

2002ರಲ್ಲಿ ಬೆಂಗಳೂರಿನಲ್ಲಿ ಹಳೆಯ ಕಾರು ಸಂಗ್ರಹಿಸುವವರೊಬ್ಬರು ಅದನ್ನು ಕೊಳ್ಳಲು ಮುಂದೆ ಬಂದರು. ಅವರದೊಂದೇ ಷರತ್ತು, ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ ಇರಬೇಕು. ಬಸವರಾಜು ಆ ಕೆಲಸವನ್ನು ನನಗೇ ಒಪ್ಪಿಸಿದರು. ಮ್ಯಾನ್ಯುಯಲ್‌ನ ಜೆರಾಕ್ಸ್ ಹಾಳೆಗಳನ್ನೂ ಕೆಲವು ಬಿಡಿಭಾಗಗಳನ್ನೂ ಕಳಿಸಿಕೊಟ್ಟರು. ಭಾಗಗಳ ನಡುವೆ ಒಂದು ಕಪ್ಪು ಡಬ್ಬ ಇತ್ತು. ನಾನು ಗುಜರಿಗೆ ಎಸೆದಿದ್ದರ ತದ್ರೂಪ.

ನನ್ನ ಇಂಗ್ಲಿಷ್ ನಿಧಾನ. ಒಂದಿಡೀ ಮಧ್ಯಾಹ್ನ ಆ ಹಾಳೆಗಳ ಮುಂದೆ ಕುಳಿತೆ. ಡಬ್ಬದ ಹೆಸರು ಚಾರ್ಕೋಲ್ ಕ್ಯಾನಿಸ್ಟರ್. ಬಿಸಿಲಿಗೆ ಟ್ಯಾಂಕಿನಲ್ಲಿ ಎದ್ದ ಪೆಟ್ರೋಲ್ ಆವಿ ಪೈಪಿನಲ್ಲಿ ಹರಿದು ಬಂದು ಅದರೊಳಗಿನ ಇದ್ದಿಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಶುರುವಾದಾಗ ಅದೇ ಆವಿಯನ್ನು ಎಂಜಿನ್ ಹೀರಿ ಸುಡುತ್ತದೆ. ಟ್ಯಾಂಕಿಗೆ ಬೇಕಾದ ಗಾಳಿಯೂ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ಚಿತ್ರದಲ್ಲಿ ಬಾಣದ ಗುರುತುಗಳಿದ್ದವು. ಅವುಗಳ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದೆ. ಡಿಕ್ಕಿಯ ಮೂಲೆಗೆ ಬಂದಾಗ ಬೆರಳು ನಿಂತಿತು.

ಮರುದಿನ ಗೋದಾಮಿಗೆ ಹೋಗಿ ಡಿಕ್ಕಿ ತೆರೆದೆ. ಒಳಗಿನ ತಗಡು ಸುಟ್ಟು ಕಪ್ಪಾಗಿತ್ತು. ಕರಕಲಾದ ರೇಷ್ಮೆ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಮಸಿ ಒರೆಸಿದಾಗ ಪೈಪಿನ ಬಾಯಿ ಕಂಡಿತು. ನಾನು ಹ್ಯಾಕ್ಸಾ ಹಿಡಿದಾಗ ಕೊನೆಗೆ ಕೈ ಸ್ವಲ್ಪ ಎಡಕ್ಕೆ ವಾಲುತ್ತದೆ. ಕತ್ತರಿಸಿದ ಅಂಚು ಹಾಗೇ ಓರೆಯಾಗಿತ್ತು. ತುಂಬಿದ ಟ್ಯಾಂಕು ಬಿಸಿಲಿಗೆ ಉಬ್ಬಿ, ಆ ಬಾಯಿಯಿಂದ ಆವಿ ಇಡೀ ಬೆಳಗು ಮುಚ್ಚಿದ ಡಿಕ್ಕಿಗೆ ತುಂಬಿದ್ದನ್ನು ನಾನು ಕಣ್ಣಾರೆ ಕಂಡಂತಾಯಿತು. ಗಾಡಿಯ ಕೆಳಗೆ ಮಲಗಿ ನೋಡಿದೆ. ಪೈಪು ಕಲ್ಲು ತಾಗಿ ಒಂದು ಗೇಣು ಚಪ್ಪಟೆಯಾಗಿತ್ತು. ಮೊದಲು ಗಾಡಿ ನಿಲ್ಲುತ್ತಿದ್ದುದು ಅದಕ್ಕೇ. ಅವತ್ತು ಇಷ್ಟು ಬಗ್ಗಿ ನೋಡಿದ್ದರೆ ಒಂದು ಗೇಣು ಪೈಪು ಬದಲಿಸಿದರೆ ಸಾಕಿತ್ತು.

ಬಸವರಾಜುಗೆ ಎಲ್ಲವನ್ನೂ ಹೇಳಿದೆ. “ಎಂಟು ವರ್ಷ ಆತು ಮೇಸ್ತ್ರಿ. ಈಗ ಹೇಳಿದ್ರೆ ಆ ಕೈ ಬರ್ತೈತಾ? ನಿಮ್ಮ ಗ್ಯಾರೇಜಿನ ಹೆಸರು ಹೋಗ್ತೈತೆ. ಕೆಲಸ ಮುಗಿಸಿ ಸುಮ್ಮನಾಗ್ರಿ.”

ಸುಮ್ಮನಾಗಲು ಪ್ರಯತ್ನಪಟ್ಟೆ. ಮೂರು ವಾರ ಅದೊಂದೇ ಕೆಲಸ ಮಾಡಿದೆ. ಬಂದ ಕ್ಯಾನಿಸ್ಟರಿನ ಹಳೆಯ ಇದ್ದಿಲು ಸತ್ತುಹೋಗಿತ್ತು. ನೀರಿನ ಫಿಲ್ಟರಿಗೆ ಹಾಕುವ ತೆಂಗಿನ ಚಿಪ್ಪಿನ ಇದ್ದಿಲು ತಂದು, ಜರಡಿ ಹಿಡಿದು, ಮೇಲೆ ಕೆಳಗೆ ಹೊಸ ಫೆಲ್ಟ್ ಬಿಲ್ಲೆ ಇಟ್ಟು ತುಂಬಿದೆ. ಡಿಕ್ಕಿಯ ಮೂಲೆಯಲ್ಲಿ ಆವಿಯಿಂದ ದ್ರವವನ್ನು ಬೇರ್ಪಡಿಸುವ ಪುಟ್ಟ ತೊಟ್ಟಿ ತುಕ್ಕು ಹಿಡಿದಿತ್ತು, ಹೊಸದು ಮಾಡಿಸಿದೆ. ಪೈಪನ್ನು ಹಿಂದಿನಿಂದ ಮುಂದಿನವರೆಗೆ ಪೂರ್ತಿ ಬದಲಿಸಿದೆ. ಕೊನೆಗೆ ಪಾರದರ್ಶಕ ಟ್ಯೂಬನ್ನು U ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ಪೈಪಿಗೆ ಜೋಡಿಸಿ, ಬಾಯಿಂದ ಮೆಲ್ಲಗೆ ಊದಿ ಹಿಡಿದೆ. ಎಲ್ಲಿಯಾದರೂ ಸೋರಿದರೆ ನೀರಿನ ಮಟ್ಟ ಇಳಿಯುತ್ತದೆ. ಇಳಿಯಲಿಲ್ಲ. ಆದರೂ ಮತ್ತೆ ಮತ್ತೆ ಊದಿ ನೋಡಿದೆ. ಹನ್ನೊಂದನೇ ಸಲ ಊದುವಾಗ, ನಾನು ಊದುತ್ತಿರುವುದು ಪೈಪಿನ ಪರೀಕ್ಷೆಗಲ್ಲ, ಮೊಳಕಾಲ್ಮೂರಿಗೆ ಹೋಗುವುದನ್ನು ಮುಂದೂಡಲು ಅನಿಸಿತು.

ಟ್ಯಾಂಕ್ ತುಂಬಿಸಿ ಆ ಕಾರಿನಲ್ಲೇ ಅಲ್ಲಿಗೆ ಹೊರಟೆ. ತಳಕು ದಾಟಿ ಹಾನಗಲ್ ಕಡೆ ಹೋಗುವಾಗ ಎರಡು ಸಲ ಗಾಡಿ ನಿಲ್ಲಿಸಿದೆ. ಗಾಡಿಗೆ ಏನೂ ಆಗಿರಲಿಲ್ಲ.

ನಾರಾಯಣಪ್ಪ ಮನೆಯ ಜಗಲಿಯಲ್ಲಿ ಕುಳಿತಿದ್ದರು. ಒಳಗೆ ಅವರ ಹೆಂಡತಿ ಲಕ್ಷ್ಮಮ್ಮ ಮಗ್ಗದಲ್ಲಿದ್ದರು. ಕಾರು ನೋಡಿದ ಕೂಡಲೇ ನಾರಾಯಣಪ್ಪ ಎದ್ದು ಗೋಡೆಗೆ ಒರಗಿದರು. ನಾನು ಯಾರೆಂದು ಹೇಳಿ, ಪೈಪಿನ ವಿಷಯ ಮೊದಲಿನಿಂದ ಕೊನೆಯವರೆಗೆ ಹೇಳಿದೆ. “ತಪ್ಪು ನಿಮ್ಮ ಕಡ್ಡಿದಲ್ಲ. ಆ ಡಿಕ್ಕೀಲಿ ಆವಿ ತುಂಬೋ ಹಾಗೆ ಮಾಡಿದ್ದು ನಾನು,” ಎಂದೆ.

ಅವರು ನನ್ನನ್ನು ನೋಡಲಿಲ್ಲ. ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಮಗ್ಗದ ಸದ್ದು ನಿಂತಿತು. ಆಕೆ ಹೊರಬಂದ ಮೇಲೆ, “ಇಂಕೊಕಸಾರಿ ಚೆಪ್ಪಂಡಿ. ಇನ್ನೊಂದ್ಸಲ ಹೇಳ್ರಿ, ಇವಳಿಗೂ ಕೇಳಿಸ್ಲಿ,” ಎಂದರು.

ಮತ್ತೆ ಹೇಳಿದೆ. ಎರಡನೇ ಸಲ ಹೇಳುವುದು ಬಹಳ ಕಷ್ಟವಾಯಿತು. ಆ ಮನೆಯಲ್ಲಿ ಎಂಟು ವರ್ಷದಿಂದ ಬೆಂಕಿಪೊಟ್ಟಣ ನಾರಾಯಣಪ್ಪನವರ ಕೈಗೆ ಸಿಗದಂತೆ ಇಡುತ್ತಿದ್ದರಂತೆ. ದೇವರ ದೀಪವನ್ನೂ ಅವರಿಗೆ ಹಚ್ಚಲು ಬಿಡುತ್ತಿರಲಿಲ್ಲ. ಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ನಾರಾಯಣಪ್ಪ ಜಗಲಿಯಿಂದ ಇಳಿದು, ಆ ಸಾಮಾನು ತೋರಿಸಿ ಎಂದರು. ಬಾನೆಟ್ ಎತ್ತಿದೆ. ಕಪ್ಪು ಡಬ್ಬದ ಮೇಲೆ ತಮ್ಮ ಅಂಟಿದ ಬೆರಳುಗಳನ್ನು ಇಟ್ಟರು. ಒಂದು ಸೇರಿನ ಗಾತ್ರದ ಡಬ್ಬ.

“ಇಷ್ಟೇನಾ?” ಎಂದರು.

ನಾನು ಕೈಮುಗಿದೆ. ಅವರು ಬೈಯಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ನಿಧಾನವಾಗಿ ನಡೆದು ಹೋಗಿ ಮತ್ತೆ ಜಗಲಿಯಲ್ಲಿ ಕುಳಿತರು. ಮಾತಾಡಿದವರು ಲಕ್ಷ್ಮಮ್ಮ. “ಇಷ್ಟು ವರ್ಷ ದಿನಾ ಇವರನ್ನ ಅಂದಿದ್ದೀನಿ ಮೇಸ್ತ್ರಿ. ಆ ಮಾತುಗಳನ್ನೆಲ್ಲ ಈಗ ಎಲ್ಲಿಗೆ ಹಾಕ್ಲಿ, ನೀವೇ ಹೇಳ್ರಿ.”

ವಾಪಸ್ ಬಂದು ವಿಷಯವನ್ನು ಗ್ಯಾರೇಜಿನಲ್ಲೂ ಹೇಳಿದೆ. ಬಸವರಾಜು ಹೆದರಿದ ಹಾಗೆ ಕೆಲವು ಗಿರಾಕಿಗಳು ಬಿಟ್ಟುಹೋದರು.

ಆಮೇಲೆ ಹದಿನಾಲ್ಕು ವರ್ಷ ರಿಪೇರಿ ಮಾಡಿದೆ. ಯಾವುದೇ ಭಾಗ ಏನು ಕೆಲಸ ಮಾಡುತ್ತದೆಂದು ತಿಳಿಯದಿದ್ದರೆ, “ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ” ಎಂದು ಗಾಡಿಯನ್ನು ಹಾಗೇ ನಿಲ್ಲಿಸಿದೆ. ಗಾಡಿ ಓಡಿದ ಮಾತ್ರಕ್ಕೆ ರಿಪೇರಿ ಮುಗಿಯಿತು ಎಂದುಕೊಳ್ಳುವುದನ್ನು ಬಿಟ್ಟೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಅದನ್ನು ಕಲಿಯಲು ಬೇರೆಯವರ ಕೈ ಬೇಕಾಯಿತು ಎಂಬುದನ್ನು ಮಾತ್ರ ಇವತ್ತಿಗೂ ನನ್ನಿಂದ ನುಂಗಿಕೊಳ್ಳಲಾಗುತ್ತಿಲ್ಲ.